ಬರೆದ ಕೈಯೇ ಅಳಿಸಬೇಕು

ಮುನಿವೆಂಕಟಪ್ಪ ಶಾಲೆಯ ಹೊಸ್ತಿಲಾಚೆ ನಿಂತು ಅಂಗೈ ಚಾಚಿದಾಗ ವೆಂಕಟರತ್ನಮ್ಮ ಮೊದಲು ಅದನ್ನು ಸೀಮೆಸುಣ್ಣದ ತುಂಡು ಎಂದುಕೊಂಡಳು. ಬೆಳ್ಳಗಿತ್ತು, ಸೆಟೆದುಕೊಂಡಿತ್ತು, ಒಂದು ತುದಿಯಲ್ಲಿ ಕೊಂಚ ಬಾಗಿತ್ತು. ಕೈಗೆ ತೆಗೆದುಕೊಂಡ ಮೇಲೆ ಸಣ್ಣ ಸಣ್ಣ ಕಾಲುಗಳು ಕಂಡವು. ರೇಷ್ಮೆ ಹುಳು.

"ನಿನ್ನೆವರೆಗೂ ಸೊಪ್ಪು ತಿಂತಿತ್ತು ಟೀಚರಮ್ಮ. ಬೆಳಗ್ಗೆ ನೋಡಿದ್ರೆ ಇಂಗೆ. ಒಂದಲ್ಲ ಎರಡಲ್ಲ, ಯಾವ ತಟ್ಟೆ ಎಳೆದ್ರೂ ಇದೇ."

"ಸುಣ್ಣಕಟ್ಟು," ಎಂದಳು ಅವಳು ಮೆಲ್ಲಗೆ. ಚಿಂತಾಮಣಿಯಿಂದ ಬಂದು ಸಾದಲಿ ಸೀಮೆಯಲ್ಲಿ ಎರಡು ವರ್ಷ ಪಾಠ ಹೇಳಿದವಳಿಗೆ ಆ ರೋಗದ ಹೆಸರು ಗೊತ್ತಿಲ್ಲದೆ ಇರುವುದಿಲ್ಲ. ಹುಳು ಸತ್ತು, ಮೈ ಕಟ್ಟಿಗೆಯಂತಾಗಿ, ಮೇಲೆಲ್ಲ ಬಿಳಿ ಪುಡಿ ಏಳುವ ಕಾಯಿಲೆ ಅದು.

"ಊಂ. ಸುಣ್ಣಕಟ್ಟು." ಮುನಿವೆಂಕಟಪ್ಪ ಬಾಗಿಲ ಪಕ್ಕದ ಹೊರಗೋಡೆಯನ್ನು ನೋಡಿದ. ಕೆಮ್ಮಣ್ಣು ಬಳಿದ ಆ ಗೋಡೆಯ ತುಂಬ ಸುಣ್ಣದ ಗೆರೆಗಳು ಬಳುಕುತ್ತ, ಸುತ್ತುತ್ತ, ಒಂದನ್ನೊಂದು ತಪ್ಪಿಸಿಕೊಂಡು ಹರಿದಿದ್ದವು. "ಗೋಡೆ ಮೇಲೆ ನೀವು ಸುಣ್ಣದಲ್ಲಿ ಹುಳ ಬರೆಸಿದ್ರಿ. ನಮ್ಮನೇಲಿ ಹುಳ ಸುಣ್ಣ ಆಗೋಯ್ತು. ನಾನು ಏನೂ ಅನ್ನಲ್ಲ. ಊರೋರು ಅಂತಾವ್ರೆ."

ಕೂಗಾಡುವ ಮನುಷ್ಯನಾಗಿದ್ದರೆ ಅವಳೂ ನಾಲ್ಕು ಮಾತು ಕೂಗಿ ಹಗುರಾಗಬಹುದಿತ್ತು. ಅವನು ದನಿ ಎತ್ತಲಿಲ್ಲ. ಒಳಗೆ ಎರಡನೇ ಸಾಲಿನಲ್ಲಿ ಕೂತಿದ್ದ ಮಗಳನ್ನು ಕಣ್ಣಲ್ಲೇ ಕರೆದ. ಅಮ್ಮಾಜಿ ಸ್ಲೇಟನ್ನು ಎದೆಗೆ ಅವಚಿಕೊಂಡು ಎದ್ದು ಬಂದಳು. ಅಪ್ಪ ಮಗಳು ಮಂಜಿನಲ್ಲಿ ಮರೆಯಾಗುವವರೆಗೂ ವೆಂಕಟರತ್ನಮ್ಮ ಸತ್ತ ಹುಳುವನ್ನು ಹಿಡಿದುಕೊಂಡೇ ನಿಂತಿದ್ದಳು. ಗೋಡೆಗೆ ಸುಣ್ಣ ಕಲಸಿದ್ದು ಅವಳ ಕೈಯೇ. ಆ ದಿನ ಮಕ್ಕಳು ಕೈ ಸರಿಯಾಗಿ ತೊಳೆದುಕೊಂಡರೋ ಇಲ್ಲವೋ, ಹಾಗೆಯೇ ಹೋಗಿ ಹುಳುವಿಗೆ ಸೊಪ್ಪು ಹಾಕಿದರೋ ಏನೋ. ಓದಿದವಳು, ಟ್ರೇನಿಂಗ್ ಮುಗಿಸಿದವಳು, ಆದರೂ ಒಂದು ಗಳಿಗೆ ಅವಳೂ ನಂಬಿಬಿಟ್ಟಳು.

ಆ ಗೋಡೆ ಹುಟ್ಟಿದ್ದು ಹೀಗೆ. ಎರ್ರಗುಂಟೆ ಸಾದಲಿಯಿಂದ ಎರಡು ಮೈಲಿ ದೂರದ ಹಳ್ಳಿ. ಊರವರೇ ಮಣ್ಣು ಹೊತ್ತು ಕಟ್ಟಿದ ಒಂದೇ ಕೋಣೆಯ ಶಾಲೆ. ಮಕ್ಕಳಿಗೆ ಚಿತ್ರ, ಕೈಗೆಲಸ ಕಲಿಸಿ ಎಂದು ಇಲಾಖೆ ಹೇಳಿತ್ತೇ ಹೊರತು ಕಾಗದ, ಬಣ್ಣ ಕೊಟ್ಟಿರಲಿಲ್ಲ, ಹೇಳುವುದಕ್ಕೆ ಖರ್ಚಿಲ್ಲವಲ್ಲ. ಸ್ಲೇಟಿನ ಮೇಲೆ ಏನಾದರೂ ಬರೆಯಿರಿ ಎಂದರೆ ಎಲ್ಲರ ಕಣ್ಣೂ ನಲ್ಲಪ್ಪನ ಸ್ಲೇಟಿಗೆ ಹೋಗುತ್ತಿತ್ತು. ನಲ್ಲಪ್ಪ ಊರಿನ ಯಜಮಾನ ಆವುಲಪ್ಪನ ಮೊಮ್ಮಗ. ಅವನು ಎತ್ತಿನ ಗಾಡಿ ಬರೆದರೆ ಅಷ್ಟೂ ಸ್ಲೇಟಿನಲ್ಲಿ ಎತ್ತಿನ ಗಾಡಿ. ಅಮ್ಮಾಜಿಯ ಸ್ಲೇಟು ಮಾತ್ರ ಖಾಲಿ. ಲೆಕ್ಕದಲ್ಲಿ ಎಲ್ಲರನ್ನೂ ಮೀರಿಸುವ ಹುಡುಗಿ, ಚಿತ್ರ ಎಂದ ಕೂಡಲೇ ಸ್ಲೇಟನ್ನು ಅಂಗೈಯಲ್ಲಿ ಮುಚ್ಚಿ "ನಂಗೆ ಬರಲ್ಲ ಟೀಚರಮ್ಮ" ಎನ್ನುತ್ತಿದ್ದಳು.

ಆ "ಬರಲ್ಲ" ಅನ್ನುವ ಮಾತು ವೆಂಕಟರತ್ನಮ್ಮನಿಗೆ ಅಂಗಾಲಿಗೆ ಚುಚ್ಚಿದ ಮುಳ್ಳಾಯಿತು. ಒಂದು ಸಂಜೆ ಅಮ್ಮಾಜಿಯ ಮನೆ ಮುಂದೆ ಹೋಗುವಾಗ ಜಗಲಿಯಲ್ಲಿ ಚಂದ್ರಿಕೆ ಒರಗಿಸಿದ್ದರು. ಬಿದಿರ ಚಾಪೆಯ ಮೇಲೆ ಬಿದಿರ ಪಟ್ಟಿಯನ್ನು ಸುತ್ತುಸುತ್ತಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ಸೊಪ್ಪು ತಿನ್ನುವುದು ಬಿಟ್ಟು ಹಣ್ಣಾದ ಹುಳುಗಳನ್ನು ಅದರಲ್ಲಿ ಬಿಟ್ಟರೆ ಗೂಡು ಕಟ್ಟಿಕೊಳ್ಳುತ್ತವೆ. ಒಂದು ಹುಳು ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತ ನೂಲು ಬಿಡುತ್ತಿತ್ತು.

"ಗೂಡು ಹೆಂಗಿರುತ್ತೆ ಅಂತ ಅದಕ್ಕೆ ಗೊತ್ತಾ ಅಮ್ಮಾಜಿ?"

"ಅದಕ್ಕೇನು ಗೊತ್ತು ಟೀಚರಮ್ಮ? ತಲೆ ಆಡಿಸೋದು ಒಂದು ಗೊತ್ತು ಅಷ್ಟೆ."

ಮಾರನೆಯ ದಿನವೇ ಈಚಲ ಕಡ್ಡಿಯ ತುದಿ ಜಜ್ಜಿ ಕುಂಚ ಮಾಡಿಸಿದಳು. ಮಕ್ಕಳನ್ನು ಹೊರಗೋಡೆಗೆ ಮುಖ ಮಾಡಿ ಸಾಲಾಗಿ ನಿಲ್ಲಿಸಿದಳು. ಚಿತ್ರ ಬರೆಯಿರಿ ಎನ್ನಲಿಲ್ಲ, ಮೂರು ಕಟ್ಟಳೆ ಹೇಳಿದಳು. ಹುಳು ತಲೆ ಆಡಿಸಿದಂತೆ ಗೆರೆಯನ್ನು ಅತ್ತಿತ್ತ ಬಳುಕಿಸುತ್ತ ಮುಂದೆ ಒಯ್ಯಬೇಕು. ಇನ್ನೊಬ್ಬರ ಗೆರೆ ಎದುರಾದರೆ ದಾಟಬಾರದು, ಪಕ್ಕಕ್ಕೆ ತಿರುಗಬೇಕು. ಗಂಟೆ ಹೊಡೆದ ಕೂಡಲೇ ಕುಂಚ ಬಿಟ್ಟು ಬಲಗಡೆಯವರ ಜಾಗಕ್ಕೆ ಸರಿದು, ಬಲತುದಿಯವರು ಎಡತುದಿಗೆ ಬಂದು, ಅಲ್ಲಿನ ಗೆರೆಯನ್ನು ಮುಂದುವರಿಸಬೇಕು. ಅಷ್ಟೆ. ಗಂಟೆ ಎಂದರೆ ಬೇವಿನ ಮರಕ್ಕೆ ನೇತುಹಾಕಿದ್ದ ರೈಲು ಕಂಬಿಯ ತುಂಡು.

ಮೊದಲ ಗಂಟೆಗೇ ಜಗಳ. "ಇವನು ಸೊಟ್ಟ ಬರೆದವ್ನೆ, ನಾನ್ಯಾಕೆ ಮುಂದುವರಿಸ್ಲಿ?" ಎಂದು ಒಬ್ಬ ಪುಟ್ಟ ಹುಡುಗಿ ಕಾಲು ಅಪ್ಪಳಿಸಿದಳು. ಬಾಯಿ ಮುಚ್ಚಿಸಲು ವೆಂಕಟರತ್ನಮ್ಮ ಅಂದುಬಿಟ್ಟಳು: "ಗಂಟೆ ಹೊಡೆದ ಮೇಲೆ ಯಾರು ಕೈ ಹಾಕ್ತಾರೋ ಅವರದೇ ಗೆರೆ. ಹಿಂದಿನವರ ಸೊಟ್ಟನೂ ಈಗ ನಿಂದೇ." ಮಕ್ಕಳಿಗೆ ಆ ಮಾತು ಬಲು ಹಿಡಿಸಿತು. ಗೋಲಿ ಆಡುವಾಗಲೂ ಅದನ್ನೇ ಹೇಳತೊಡಗಿದರು.

ಮಧ್ಯಾಹ್ನದ ಹೊತ್ತಿಗೆ ಗೋಡೆ ತುಂಬಿತು. ಆ ಮಕ್ಕಳಲ್ಲಿ ಒಬ್ಬರೂ, ಟೀಚರಮ್ಮನೂ ಸೇರಿದಂತೆ, ಒಂಟಿಯಾಗಿ ಬರೆಯಲಾಗದ ಚಿತ್ರ ಅದು. ಇಡೀ ಗೋಡೆ ಮಿಸುಕಾಡುವಂತೆ ಕಾಣುತ್ತಿತ್ತು. ಅಮ್ಮಾಜಿ ತಾನು ಶುರು ಮಾಡಿದ ಗೆರೆ ಎಲ್ಲಿಗೆ ಹೋಯಿತೆಂದು ಕಣ್ಣಲ್ಲೇ ಹಿಂಬಾಲಿಸಿದಳು. ಊರವರೂ ಬಂದು ನೋಡಿ ಮೆಚ್ಚಿದರು. ಆವುಲಪ್ಪ ಎಲೆಯಡಿಕೆ ಉಗಿದು ಬಂದು, ಕೋಲೂರಿ ನಿಂತು, "ನಮ್ಮ ನಲ್ಲಪ್ಪ ಬರೆದಿದ್ದು ಯಾವುದಮ್ಮ?" ಎಂದ.

"ಇದು ಎಲ್ಲರದೂ ಯಜಮಾನ್ರೇ."

"ಎಲ್ಲರದೂ ಅಂದ್ರೆ ಯಾರದೂ ಅಲ್ಲ ಅಂತ." ಮುಖ ಗಂಟಿಕ್ಕಿಕೊಂಡು ಹೋದ. ಅವನ ಅರಿಶಿನದ ಹೊಲ, ಅವನ ಕಪಿಲೆ ಬಾವಿ, ಅವನ ಮೊಮ್ಮಗನ ಗೆರೆ, ಎಲ್ಲಕ್ಕೂ ಬೇರೆ ಬೇರೆ ಎಲ್ಲೆ ಇರಬೇಕಿತ್ತು ಆ ಮನುಷ್ಯನಿಗೆ.

ಆದರೆ ಆ ಗೋಡೆಯಿಂದ ಆದ ಲಾಭ ದೊಡ್ಡದು. ಹುಳು ಸಾಕುವ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಸೊಪ್ಪು ಕೊಯ್ಯಲು ಹಿಡಿದುಕೊಂಡರೆ ತಿಂಗಳುಗಟ್ಟಲೆ ಬಿಡುತ್ತಿರಲಿಲ್ಲ. ಈಗ ಬೆಳಗಿನ ಸೊಪ್ಪು ಹಾಕಿ ಓಡೋಡಿ ಶಾಲೆಗೆ ಬರತೊಡಗಿದರು. ಮುನಿವೆಂಕಟಪ್ಪನಂತೂ ಈ ಬೆಳೆ ಎದ್ದ ಮೇಲೆ ಅಮ್ಮಾಜಿಯನ್ನು ಸಾದಲಿಯ ಮಿಡ್ಲ್ ಸ್ಕೂಲಿಗೆ ಸೇರಿಸುತ್ತೇನೆಂದು ಮಾತು ಕೊಟ್ಟಿದ್ದ. ಎರ್ರಗುಂಟೆಯಿಂದ ಅದುವರೆಗೆ ಒಂದು ಹೆಣ್ಣೂ ಆ ಸ್ಕೂಲಿನ ಮೆಟ್ಟಿಲು ಹತ್ತಿರಲಿಲ್ಲ.

ಇನ್ನೊಂದು ಸಂಗತಿಯೂ ಇತ್ತು. ಒಂದು ದಿನ ಅಮ್ಮಾಜಿಯ ಸ್ಲೇಟಿನ ಹಿಂಬದಿಯಲ್ಲಿ ಕುಂಬಳಕಾಯಿ ಗಾತ್ರದ ನಡುಗುವ ಅಕ್ಷರಗಳು ಕಂಡವು. ಯಾರದು ಎಂದರೆ ಹುಡುಗಿ ಪಿಸುಗುಟ್ಟಿದಳು: "ನಮ್ಮಪ್ಪಂದು. ರುಜು ಹಾಕೋದು ಕಲೀತಾವ್ರೆ. ಹೆಬ್ಬೆಟ್ಟು ಒತ್ತೋಕೆ ನಾಚಿಕೆ ಅಂತೆ. 'ಮುನಿ' ಬಂದೈತೆ, ಆಮೇಲಿಂದು ಇನ್ನೂ ಇಲ್ಲ. ಯಾರ್ಗೂ ಹೇಳಬೇಡಿ ಟೀಚರಮ್ಮ, ನಾಚ್ಕೊಂತಾರೆ." ಆ ಸ್ಲೇಟನ್ನು ನೋಡಿದ ದಿನ ವೆಂಕಟರತ್ನಮ್ಮ ಸಾದಲಿಯ ತನ್ನ ಬಾಡಿಗೆ ಮನೆಗೆ ನಡೆದು ಹೋಗುವಷ್ಟು ದೂರವೂ ನಗುತ್ತಲೇ ಹೋಗಿದ್ದಳು.

ಈಗ ಅದೆಲ್ಲಕ್ಕೂ ಒಟ್ಟಿಗೆ ಕುತ್ತು ಬಂದಿತ್ತು.

ಅದೇ ಮಧ್ಯಾಹ್ನ ಅರಳಿಕಟ್ಟೆಯಲ್ಲಿ ಸೇರಿದರು. ಅವಳನ್ನು ಯಾರೂ ಕರೆಯಲಿಲ್ಲ, ತಾನಾಗಿಯೇ ಹೋದಳು. ಆವುಲಪ್ಪ ಕಟ್ಟೆಯ ಮೇಲೆ ಕಾಲು ಮಡಿಸಿ ಕೂತಿದ್ದ. ಮುನಿವೆಂಕಟಪ್ಪ ಕೆಳಗೆ, ಟವಲನ್ನು ಮೊಣಕಾಲಿನ ಮೇಲೆ ಹಾಕಿಕೊಂಡು ನೆಲ ನೋಡುತ್ತಿದ್ದ.

"ಹುಳ ಬರೆದ್ರಿ ಸುಣ್ಣದಲ್ಲಿ. ಹುಳ ಸುಣ್ಣ ಆಯ್ತು. ಇದು ತಿಳ್ಕೊಳೋಕೆ ಬಿ.ಎ. ಓದ್ಬೇಕೇನಮ್ಮ?" ಎಂದ ಆವುಲಪ್ಪ.

"ಚಳಿಗೆ, ತೇವಕ್ಕೆ ಬರೋ ರೋಗ ಅದು ಯಜಮಾನ್ರೇ. ಮಂಜು ನೋಡಿ ಹೆಂಗೆ ಬೀಳ್ತಿದೆ. ಮಕ್ಕಳು ಬರೆದ ಗೆರೆಗೂ—"

"ಮಂಜು ಎಲ್ಲರ ಮನೆ ಮೇಲೂ ಬೀಳ್ತೈತೆ. ಇವನ ಮನೇಗೇ ಯಾಕೆ ಬಂತು? ಇವನ ಮಗಳ ಕೈ ಗೋಡೆ ಮೇಲೆ ಜಾಸ್ತಿ ಆಡ್ತು, ಅದಕ್ಕೆ." ಕಟ್ಟೆಯ ಸುತ್ತ ತಲೆಗಳು ಅಲ್ಲಾಡಿದವು. "ಹಿರಿಯರು ಹೇಳಿಲ್ವಾ? ಬರೆದ ಕೈಯೇ ಅಳಿಸಬೇಕು. ಬೇರೆಯೋರು ಅಳಿಸಿದ್ರೆ ದೋಷ ಹೋಗಲ್ಲ. ಶುಕ್ರವಾರ ಆ ಮಗು ಸಗಣಿ ನೀರಲ್ಲಿ ಅಳಿಸ್ಲಿ. ಅಳಿಸಿದ ಕೈ ಮತ್ತೆ ಬಳಪ ಮುಟ್ಟಬಾರದು. ಅಲ್ಲಿವರೆಗೂ ಯಾರೂ ಮುನಿವೆಂಕಟನ ಹೊಸ್ತಿಲು ತುಳಿಯೋದು ಬ್ಯಾಡ. ದೋಷ ಕಾಲಿಗೆ ಅಂಟಿಕೊಂಡು ಬರ್ತೈತೆ."

ಬರೆದ ಕೈಯೇ ಅಳಿಸಬೇಕೆಂಬ ಮಾತು ಊರಲ್ಲಿ ಮೊದಲಿಂದ ಇದ್ದದ್ದೇ. ಬಳಪ ಮುಟ್ಟಬಾರದೆಂಬ ಎರಡನೆಯ ಮಾತು ಯಾವ ಹಿರಿಯರು ಹೇಳಿದ್ದೋ ಆವುಲಪ್ಪನಿಗೇ ಗೊತ್ತು. ಆದರೆ ಹತ್ತು ಜನರ ಮುಂದೆ ಹೇಳಿದ ಮಾತು ಹೇಳಿದ್ದಾಯಿತು. ವೆಂಕಟರತ್ನಮ್ಮ ಮುನಿವೆಂಕಟಪ್ಪನ ಕಡೆ ನೋಡಿದಳು. ಅವನು ತಲೆ ಎತ್ತಲಿಲ್ಲ. ಅವನ ಮೇಲೆ ಅವಳಿಗೆ ಕೆಂಡದಂಥ ಸಿಟ್ಟು ಬಂತು, ಹಿಂದೆಯೇ ಪಾಪ ಅನ್ನಿಸಿತು.

ಮಾರನೆಯ ದಿನ ರಜೆ ಹಾಕಿ ಶಿಡ್ಲಘಟ್ಟದ ಬಸ್ಸು ಹತ್ತಿದಳು. ರೇಷ್ಮೆ ಇಲಾಖೆಯವರು ಹೇಳಿದ್ದು ಸರಳವಾಗಿತ್ತು. ಗೋಡೆಯ ಸುಣ್ಣಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಸತ್ತ ಹುಳುವಿನ ಮೇಲೆ ಬಿಳಿ ಪುಡಿ ಏಳುವ ಮೊದಲೇ ಆರಿಸಿ ಸುಡಬೇಕು. ಆ ಪುಡಿ ಹಾರಿದರೆ ಉಳಿದವಕ್ಕೂ ಹತ್ತುತ್ತದೆ. ಹುಳು ಆಗಲೇ ಹಣ್ಣಾಗುತ್ತಿದ್ದರೆ ಒಂದೊಂದನ್ನೂ ನೋಡಿ, ಗಟ್ಟಿ ಇದ್ದದ್ದನ್ನು ಬೇಗ ಚಂದ್ರಿಕೆಗೆ ಹತ್ತಿಸಿಬಿಡಿ, ಗೂಡಾದರೆ ಉಳಿಯಿತು. "ಒಂದೊಂದನ್ನೂ ನೋಡಬೇಕಮ್ಮ, ಅದೇ ಕಷ್ಟ. ಮನೆ ತುಂಬ ಆಳು ಬೇಕು," ಎಂದರು.

ವಾಪಸು ಬಂದವಳು ನೇರ ಮುನಿವೆಂಕಟಪ್ಪನ ಮನೆಗೆ ಹೋದಳು. ಬಾಗಿಲಲ್ಲಿ ಅವನ ಹೆಂಡತಿ ಓಬಳಮ್ಮ ಅಡ್ಡ ನಿಂತಳು.

"ಹುಳದ ಮನೆ ಕಣಮ್ಮ. ನೀವು ಹೊರಗಾಗಿಲ್ಲ ತಾನೆ?"

"ಇಲ್ಲ ಓಬಳಮ್ಮ. ಒಳಗೆ ಬರಲ್ಲ ಬಿಡು, ಇಲ್ಲೇ ಹೇಳ್ತೀನಿ." ಹೇಳಿದಳು. ಓಬಳಮ್ಮ ಸೆರಗಿನ ತುದಿ ಕಚ್ಚಿಕೊಂಡು ಕೇಳಿದಳು. ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು.

"ನೀವು ಹೇಳೋದು ಸರಿನೇ ಇರ್ಬೋದು. ಹುಳ ನಾಳಿದ್ದಿಗೆ ಹಣ್ಣಾಗ್ತಾವೆ. ಮನೇಲಿ ನಾವು ಮೂರು ಜನ. ಮುಯ್ಯಾಳು ಬನ್ರಮ್ಮ ಅಂತ ಮನೆ ಮನೆಗೂ ಹೋಗಿ ಕೇಳ್ದೆ. ಅವರ ಹುಳ ಏರಿಸೋಕೆ ನಾನು ಹೋಗಿದ್ನಲ್ಲಮ್ಮ, ಸೊಂಟ ಬಿದ್ದೋಗೋ ಹಂಗೆ ಮಾಡಿದ್ನಲ್ಲ! ಈಗ ಒಬ್ಬಳೂ ಬರಲ್ಲ ಅಂತಾಳೆ. ಅಯ್ಯೋ ದ್ಯಾವುಡಾ." ಅಳು ಒತ್ತರಿಸಿ ಬಂತು. ಹಿಂದೆ ಕತ್ತಲಲ್ಲಿ ಸೊಪ್ಪಿನ ಬುಟ್ಟಿ ಹೊತ್ತ ಅಮ್ಮಾಜಿ ಟೀಚರಮ್ಮನ ಮುಖವನ್ನೇ ನೋಡುತ್ತಿದ್ದಳು. ಆ ನೋಟವನ್ನು ವೆಂಕಟರತ್ನಮ್ಮನಿಗೆ ತಡೆದುಕೊಳ್ಳಲಾಗಲಿಲ್ಲ.

ಗುರುವಾರ ಬೆಳಗ್ಗೆ ಹಾಜರಿ ಕರೆದ ಮೇಲೆ ಅವಳು ಪುಸ್ತಕ ತೆಗೆಯಲು ಹೇಳಲಿಲ್ಲ.

"ಅಮ್ಮಾಜಿ ಮನೇಲಿ ಇವತ್ತು ಹುಳ ಹಣ್ಣಾಗಿವೆ. ದೊಡ್ಡೋರು ಯಾರೂ ಹೋಗ್ತಿಲ್ಲ. ನಾನು ಹೋಗ್ತಿದ್ದೀನಿ. ನೀವು ಬರಲೇಬೇಕು ಅಂತ ನಾನು ಹೇಳಲ್ಲ. ಮನೇಲಿ ಬೈತಾರೆ, ಹೊಡೆದರೂ ಹೊಡೀಬಹುದು."

ಇಲಾಖೆಗೆ ದೂರು ಹೋದರೆ ಕೆಲಸ ಹೋಗುವ ಮಾತು ಇದು. ರೋಗ ಬೇರೆ ಮನೆಗೆ ಹಬ್ಬಿದರೆ ಊರೇ ಅವಳನ್ನು ಅಟ್ಟುತ್ತದೆ. ಕೊನೆಗೆ ನಲ್ಲಪ್ಪ ಎದ್ದು ನಿಂತ. ಆವುಲಪ್ಪನ ಮೊಮ್ಮಗ!

"ಗಂಟೆ ಹೊಡೀತೀರಾ ಟೀಚರಮ್ಮ, ಅವತ್ತಿನಂಗೆ?"

"ಹೊಡೀತೀನಿ ಕಣಪ್ಪ."

"ಸರಿ ಹಂಗಾರೆ." ಅವನು ಹೊರಟ. ಹುಡುಗರ ಲೆಕ್ಕ ಬಲು ಸುಲಭ. ಹಿಂದೆ ಉಳಿದವರೂ ಎದ್ದರು.

ಮುನಿವೆಂಕಟಪ್ಪ ಅಂಗಳದಲ್ಲಿ ಕೈ ಅಡ್ಡ ಹಿಡಿದ. "ಬ್ಯಾಡಿ ಟೀಚರಮ್ಮ. ಊರು ಮಾತು ಮೀರಿದಂಗಾಗ್ತೈತೆ. ನಾಳೆ ಅಳಿಸಿಬಿಟ್ರೆ ಎಲ್ಲ ಸರಿಹೋಗ್ತೈತೆ ಅಂದವ್ರೆ."

"ನಾಳೆ ಹೊತ್ತಿಗೆ ನಿಮ್ಮ ಹುಳ ಏನಾಗಿರ್ತವೆ?"

ಅವನು ಉತ್ತರ ಕೊಡುವ ಮೊದಲೇ ಓಬಳಮ್ಮ ಒಳಗಿಂದ ಬಂದು, ಬಿಂದಿಗೆ ಎತ್ತಿ ಮಕ್ಕಳ ಕಾಲಿಗೆ ಕೈಗೆ ನೀರು ಹುಯ್ಯತೊಡಗಿದಳು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಆ ಮನೆಯಲ್ಲಿ ಅವತ್ತು ತೀರ್ಮಾನ ಆದದ್ದು ಹೀಗೆ.

ಒಳಗೆ ಕತ್ತಲು, ಸೊಪ್ಪಿನ ವಾಸನೆ, ಸಾವಿರಾರು ಹುಳುಗಳ ಸದ್ದು. ವೆಂಕಟರತ್ನಮ್ಮ ಮೊದಲು ಮಾಡಿದ ಕೆಲಸ ಕಿಟಕಿ ತೆಗೆಸಿದ್ದು. ಆಮೇಲೆ ಮಕ್ಕಳನ್ನು ತಟ್ಟೆಗಳ ಮುಂದೆ ಸಾಲಾಗಿ ನಿಲ್ಲಿಸಿ ಕಟ್ಟಳೆ ಹೇಳಿದಳು. ಒಂದು ಸಲಕ್ಕೆ ಒಂದೇ ಹುಳು ಎತ್ತಬೇಕು. ಸೆಟೆದದ್ದು, ಬಾಡಿದ್ದು ಬೂದಿ ಮಡಕೆಗೆ. ಮೈ ಹಳದಿಯಾಗಿ ತಲೆ ಆಡಿಸುವುದು ಚಂದ್ರಿಕೆಗೆ. ಇನ್ನೂ ಹಸಿರಾಗಿರುವುದನ್ನು ಮುಟ್ಟಬಾರದು. ಚಂದ್ರಿಕೆಯಲ್ಲಿ ಒಂದು ಹುಳುವಿಗೆ ಇನ್ನೊಂದು ತಾಗಬಾರದು. ಗಂಟೆ ಹೊಡೆದರೆ ಬಲಗಡೆ ತಟ್ಟೆಗೆ ಸರಿಯಬೇಕು, ಒಬ್ಬರ ಕಣ್ಣು ತಪ್ಪಿಸಿಕೊಂಡದ್ದು ಇನ್ನೊಬ್ಬರ ಕಣ್ಣಿಗೆ ಬೀಳಲಿ. ಗಂಟೆಗೆಂದು ಓಬಳಮ್ಮನ ಕಂಚಿನ ತಟ್ಟೆ, ಒಂದು ಸೌಟು.

ಮೊದಮೊದಲು ಗೊಂದಲ. ಒಬ್ಬ ಹಸಿರು ಹುಳುವನ್ನು ಚಂದ್ರಿಕೆಗೆ ಇಟ್ಟ, ಇನ್ನೊಬ್ಬಳು ಹೇಸಿ ಕೈ ಕೊಡವಿದಳು. ಎರಡು ಮೂರು ಗಂಟೆ ಹೊಡೆಯುವಷ್ಟರಲ್ಲಿ ಕೈಗಳು ದಾರಿಗೆ ಬಂದವು. ಮಾತು ನಿಂತಿತು. ಎತ್ತುವುದು, ನೋಡುವುದು, ಇಡುವುದು, ಗಂಟೆ, ಸರಿಯುವುದು. ಸ್ಲೇಟು ಮುಚ್ಚಿಕೊಂಡು "ನಂಗೆ ಬರಲ್ಲ" ಎನ್ನುತ್ತಿದ್ದ ಅಮ್ಮಾಜಿ ಈಗ ಸಾಲಿನ ಮೊದಲಲ್ಲಿ ನಿಂತು, ಹಣ್ಣಾದದ್ದು ಯಾವುದು ಅಲ್ಲದ್ದು ಯಾವುದು ಎಂದು ಚಿಕ್ಕವರಿಗೆ ತೋರಿಸುತ್ತಿದ್ದಳು.

ಮುನಿವೆಂಕಟಪ್ಪ ಬಾಗಿಲಿಗೆ ಒರಗಿ ನೋಡುತ್ತಿದ್ದವನು, ಯಾವಾಗಲೋ ತಾನೂ ಒಳಗೆ ಬಂದು ತುಂಬಿದ ಚಂದ್ರಿಕೆಗಳನ್ನು ಎತ್ತಿ ಜಗಲಿಗೆ ಸಾಗಿಸತೊಡಗಿದ್ದ. ಒಂದು ಗಂಟೆಗೆ ಸರಿದ ಪುಟ್ಟ ಹುಡುಗಿ ತಟ್ಟೆ ನೋಡಿ ಗೊಣಗಿದಳು: "ಥೂ, ಇದರಲ್ಲಿ ಬರೀ ಸತ್ತಿರೋವೇ. ಇದು ನಂದಲ್ಲ."

"ಕೈ ಹಾಕಿದ ಮೇಲೆ ನಿಂದೇ ಕಣೇ," ಎಂದ ನಲ್ಲಪ್ಪ ತಲೆ ಎತ್ತದೆ. "ಹಿಂದಿನೋರ ಸೊಟ್ಟನೂ ನಿಂದೇ. ಟೀಚರಮ್ಮನ ರೂಲ್ಸು."

ಚಂದ್ರಿಕೆ ಎತ್ತುತ್ತಿದ್ದ ಮುನಿವೆಂಕಟಪ್ಪ ಒಂದು ಕ್ಷಣ ನಿಂತ. "ಏನು ರೂಲ್ಸು ಅದು?" ಎಂದು ಮಗಳನ್ನು ಕೇಳಿದ. ಅಮ್ಮಾಜಿ ಕೆಲಸ ಬಿಡದೆಯೇ ವಿವರಿಸಿದಳು. ಅವನು ಊಂಗುಟ್ಟಿ ಹೊರಟ.

ಹೊತ್ತು ಇಳಿಯುವಷ್ಟರಲ್ಲಿ ಮುಗಿಯಿತು. ಅರ್ಧಕ್ಕರ್ಧ ಹುಳು ಬೂದಿ ಮಡಕೆ ಸೇರಿ ಸುಟ್ಟು ಹೋದವು. ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು ಅಂತಾರಲ್ಲ, ಹಾಗೆ. ಜಗಲಿಯುದ್ದಕ್ಕೂ ಒರಗಿಸಿದ ಚಂದ್ರಿಕೆಗಳಲ್ಲಿ ಉಳಿದ ಹುಳುಗಳು ಒಂದಕ್ಕೊಂದು ತಾಗದೆ, ಸುತ್ತುಸುತ್ತಾಗಿ, ತಲೆ ಆಡಿಸುತ್ತಿದ್ದವು. ವೆಂಕಟರತ್ನಮ್ಮ ನೋಡಿದಳು. ಶಾಲೆಯ ಗೋಡೆಯೇ ಎದ್ದು ಬಂದು ಕೂತಂತಿತ್ತು. ಮಕ್ಕಳೆಲ್ಲ ಬಾವಿಯ ಹತ್ತಿರ ಮೈ ತೊಳೆದುಕೊಂಡು, ಬಟ್ಟೆ ಜಾಲಿಸಿಕೊಂಡೇ ಮನೆಗೆ ಹೋಗಬೇಕೆಂದು ಕಟ್ಟಪ್ಪಣೆ ಮಾಡಿದಳು. ಆ ಚಳಿಯಲ್ಲಿ ಅವು ಕಟಕಟ ಹಲ್ಲು ಕಡಿಯುತ್ತ ತೊಳೆದುಕೊಂಡವು.

ಆವತ್ತು ನಲ್ಲಪ್ಪನಿಗೆ ಹುಣಿಸೆ ಬರಲಿನ ಪೂಜೆ ಆಯಿತೆಂದು ಶುಕ್ರವಾರ ಬೆಳಗ್ಗೆ ಗೊತ್ತಾಯಿತು. ಹುಡುಗ ಕುಂಟುತ್ತಲೇ ಬಂದ. ಅವನ ಹಿಂದೆ ಆವುಲಪ್ಪ, ಆಳಿನ ಕೈಯಲ್ಲಿ ಸಗಣಿ ನೀರಿನ ತಪ್ಪಲೆ, ಅದರ ಹಿಂದೆ ಊರು. ಮುಯ್ಯಾಳಿಗೆ ಬಾರದ ಕಾಲುಗಳೆಲ್ಲ ಇದಕ್ಕೆ ಬಂದಿದ್ದವು.

"ನಿನ್ನೆ ನೀನು ಮಾಡಿದ ಕೆಲಸದ ವಿಚಾರ ಆಮೇಲೆ ಮಾತಾಡಣ ಕಣಮ್ಮ," ಎಂದ ಆವುಲಪ್ಪ. "ಮೊದಲು ಇದು ಆಗ್ಲಿ. ಎಲ್ಲಿ ಮುನಿವೆಂಕಟ? ಮಗಳನ್ನ ಕರಕೊಂಬಾ."

ಅಮ್ಮಾಜಿ ಗೋಡೆಯ ಮುಂದೆ ಬಂದು ನಿಂತಳು. ಸ್ಲೇಟು ತಂದಿರಲಿಲ್ಲ.

"ನೀನು ಬರೆದಿದ್ದು ತೋರ್ಸು."

ಹುಡುಗಿ ಗೋಡೆಯ ಎಡಮೂಲೆಗೆ ಹೋಗಿ ಬೆರಳಿಟ್ಟಳು. "ಇಲ್ಲಿ ನಾನು ಶುರು ಮಾಡ್ದೆ. ಇಲ್ಲಿಗೆ ಗಂಟೆ ಆಯ್ತು. ಆಮೇಲೆ ನಲ್ಲಪ್ಪ ತಗೊಂಡ."

"ಊಂ ತಾತ," ಎಂದ ನಲ್ಲಪ್ಪ. "ಇದು ನಂದೂನೂ. ನನ್ ತಾವಿಂದ ನನ್ ಪಕ್ಕದ ಸಿದ್ದಕ್ಕ ತಗೊಂಡ್ಳು."

"ಅಂಗಂದ್ರೆ ಎಲ್ಲಾ ಕೈನೂ ಅಳಿಸಬೇಕು ಯಜಮಾನ್ರೇ," ಎಂದಳು ವೆಂಕಟರತ್ನಮ್ಮ. "ನಲ್ಲಪ್ಪನ ಕೈನೂ ಸೇರಿ. ಅಷ್ಟೂ ಮಕ್ಕಳು ಇನ್ನು ಬಳಪ ಮುಟ್ಟಬಾರದು. ಅದೇ ತಾನೆ ನೀವು ಹೇಳಿದ್ದು?"

ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಮೊಮ್ಮಗನನ್ನು ಅಮಲ್ದಾರ ಮಾಡಬೇಕೆಂದು ಕನಸು ಕಾಣುತ್ತಿದ್ದ ಆವುಲಪ್ಪನ ಮುಖ ಕಪ್ಪಿಟ್ಟಿತು. ಆದರೆ ಅವನೇನು ಸಾಮಾನ್ಯನೇ? ಕೋಲನ್ನು ನೆಲಕ್ಕೆ ಕುಟ್ಟಿದ.

"ಹುಳ ಸತ್ತಿದ್ದು ಯಾರ ಮನೇಲಿ? ನಮ್ಮನೇಲಾ? ಇವರ ಮನೇಲಿ. ಅಲ್ಲಿಗೆ ದೋಷ ಯಾವ ಕೈಯಲ್ಲಿತ್ತು ಅಂತ ದ್ಯಾವರೇ ತೋರ್ಸಿದ ಹಂಗಾಯ್ತು. ಶುರು ಮಾಡಿದ್ದೂ ಅದೇ ಕೈ. ಅದೊಂದು ಅಳಿಸಿದ್ರೆ ಸಾಕು. ಹೆಣ್ಣುಮಗು ಓದಿ ಎಲ್ಲಿಗೆ ಹೋಗ್ಬೇಕು? ತಗೋಮ್ಮ ಬಟ್ಟೆ."

"ಹೌದು, ಹೌದು," ಎಂದರು ನಾಲ್ಕಾರು ಮಂದಿ, ತಮ್ಮ ಮಕ್ಕಳು ತಪ್ಪಿಸಿಕೊಂಡ ಸಮಾಧಾನದಲ್ಲಿ. ಆಳು ಬಟ್ಟೆಯನ್ನು ಸಗಣಿ ನೀರಲ್ಲಿ ಅದ್ದಿ ಹಿಂಡಿ ಚಾಚಿದ. ಅಮ್ಮಾಜಿ ಬಟ್ಟೆ ನೋಡಿದಳು, ಟೀಚರಮ್ಮನನ್ನು ನೋಡಿದಳು. ಹುಡುಗಿಯ ಕೈ ನಿಧಾನವಾಗಿ ಮುಂದೆ ಬಂತು.

"ತಡಿ."

ಮುನಿವೆಂಕಟಪ್ಪ ಜನರ ನಡುವಿನಿಂದ ಬಂದ. ಟವಲನ್ನು ಹೆಗಲಿನಿಂದ ತೆಗೆದು ಸೊಂಟಕ್ಕೆ ಕಟ್ಟಿಕೊಂಡ. ಆವುಲಪ್ಪನ ಕಡೆ ನೋಡಲಿಲ್ಲ.

"ಟೀಚರಮ್ಮ, ಗಂಟೆ ಹೊಡೆದ ಮೇಲೆ ಯಾರು ಕೈ ಹಾಕ್ತಾರೋ ಗೆರೆ ಅವರದು. ಹಿಂದಿನೋರ ಸೊಟ್ಟನೂ ಅವರದೇ. ಇದೇ ತಾನೆ ನಿಮ್ಮ ರೂಲ್ಸು?"

ಅವಳಿಗೆ ಅರ್ಥವಾಗಲಿಲ್ಲ. "ಊಂ," ಎಂದಳು.

"ಗಂಟೆ ಹೊಡೀರಿ."

"ಏನೋ ಇದು ಮುನಿವೆಂಕಟ?" ಎಂದ ಆವುಲಪ್ಪ.

"ಹೊಡೀರಿ ಟೀಚರಮ್ಮ."

ಆಗ ಅವಳಿಗೆ ತಿಳಿಯಿತು. ತಿಳಿದ ಕೂಡಲೇ ಕೈ ಮೇಲೇಳಲಿಲ್ಲ. ಸ್ಲೇಟಿನ ಹಿಂಬದಿಯ ಆ ಕುಂಬಳಕಾಯಿ ಅಕ್ಷರಗಳು ಕಣ್ಣ ಮುಂದೆ ಬಂದವು. ಅಮ್ಮಾಜಿಗೂ ತಿಳಿಯಿತೇನೋ, "ಅಪ್ಪಾ, ಬ್ಯಾಡ" ಎಂದು ಅವನ ತೋಳು ಹಿಡಿದಳು. ಅವನು ಮಗಳ ತಲೆಯ ಮೇಲೆ ಕೈಯಿಟ್ಟು ಪಕ್ಕಕ್ಕೆ ಸರಿಸಿದ. ವೆಂಕಟರತ್ನಮ್ಮ ಬೇವಿನ ಮರದ ಹತ್ತಿರ ಹೋಗಿ ಕಂಬಿಗೆ ಒಂದೇ ಏಟು ಹಾಕಿದಳು. ಊರೆಲ್ಲ ಕೇಳುವಂತೆ ಹಾಕಿದಳು.

ಗಂಟೆಯ ಸದ್ದು ಅಡಗುವ ಮುನ್ನ ನಲ್ಲಪ್ಪ ಕುಂಟಿಕೊಂಡು ಒಳಗೆ ಓಡಿ ಸುಣ್ಣದ ಕುಡಿಕೆ, ಈಚಲ ಕುಂಚ ತಂದುಕೊಟ್ಟ. ಅಮ್ಮಾಜಿಯ ಗೆರೆ ಎಷ್ಟೋ ಕೈ ದಾಟಿ ಬಲಮೂಲೆಯ ಹತ್ತಿರ ಮುಗಿದಿತ್ತು. ಅದನ್ನು ಮುನಿವೆಂಕಟಪ್ಪನಿಗೆ ಹುಡುಕಿಕೊಟ್ಟದ್ದೂ ನಲ್ಲಪ್ಪನೇ. ಅವನು ಅಲ್ಲಿ ಕುಂಚ ಊರಿದ. ನೇಗಿಲು ಹಿಡಿದ ಕೈ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಳುಕುತ್ತ ಒಂದು ಗೇಣು ಮುಂದೆ ಹೋಯಿತು. ಇನ್ನೊಂದು ಗೆರೆ ಅಡ್ಡ ಬಂತು. ದಾಟಲಿಲ್ಲ, ಪಕ್ಕಕ್ಕೆ ತಿರುಗಿಸಿದ.

ಕುಂಚ ಕೆಳಗಿಟ್ಟು ಆಳಿನ ಕೈಯಿಂದ ಬಟ್ಟೆ ಕಿತ್ತುಕೊಂಡ.

"ಈ ಗೆರೆ ಈಗ ನಂದು ಯಜಮಾನ್ರೇ. ನಮ್ಮ ಅಮ್ಮಾಜಿ ಶುರು ಮಾಡಿದ್ದೂ ನಂದೇ. ದೋಷ ಇದ್ರೆ ಅದೂ ನಂದೇ. ಬರೆದ ಕೈಯೇ ಅಳಿಸಬೇಕು ಅಂದ್ರಲ್ಲ, ಅಳಿಸ್ತೀನಿ ನೋಡಿ." ತಾನು ಬರೆದ ತುದಿಯಿಂದ ಹಿಡಿದು ಎಡಮೂಲೆಯವರೆಗೆ, ಬೇರೆ ಯಾವ ಗೆರೆಗೂ ಬಟ್ಟೆ ತಾಗದಂತೆ, ಆ ಒಂದೇ ಗೆರೆಯನ್ನು ಹುಡುಕಿ ಹುಡುಕಿ ಒರೆಸಿದ. ಬಹಳ ಹೊತ್ತು ಹಿಡಿಯಿತು. ಒರೆಸಿ ಮುಗಿಸಿ ಬಟ್ಟೆಯನ್ನು ತಪ್ಪಲೆಗೆ ಹಾಕಿದ. "ಅಳಿಸಿದ ಕೈ ಬಳಪ ಮುಟ್ಟಬಾರದು, ಅಲ್ವಾ? ಮುಟ್ಟಲ್ಲ. ನನ್ನ ಮಗಳು ಮುಟ್ತಾಳೆ."

ಆವುಲಪ್ಪ ಕೇಳಿದ್ದೆಲ್ಲ ಅಕ್ಷರಶಃ ಆಗಿತ್ತು; ಇನ್ನೇನು ಕೇಳುತ್ತಾನೆ? "ಆಯ್ತು ಬಿಡು, ಆಯ್ತಲ್ಲ," ಎಂದು ಕೋಲೂರಿಕೊಂಡು ಹೊರಟ. ತಪ್ಪಲೆ ಅಲ್ಲೇ ಉಳಿಯಿತು. ಮುಂದಿನ ಬೆಳೆಯಲ್ಲಿ ಅವನ ಮನೆಯ ಹುಳುವಿಗೂ ಸುಣ್ಣಕಟ್ಟು ಬಂತು. ಆಗ ಯಾವ ಗೋಡೆ ಅಳಿಸಬೇಕೆಂದು ಅವನು ಕೇಳಲಿಲ್ಲ, ಬೇರೆಯವರು ಕೇಳುವ ಧೈರ್ಯ ಮಾಡಲಿಲ್ಲ. ಮಕ್ಕಳನ್ನು ಕಳಿಸಿ ಎಂದು ಶಾಲೆಗೆ ಹೇಳಿಕಳಿಸಿದ, ಅಷ್ಟೆ.

ಗೋಡೆ ಹಾಗೆಯೇ ಉಳಿಯಿತು. ಒಂದು ಗೆರೆ ಒರೆಸಿದ ಕಡೆ ಕೆಮ್ಮಣ್ಣಿನ ದಾರಿಯೊಂದು ಬಿಳಿ ಗೆರೆಗಳ ನಡುವೆ ಬಳುಕಿಕೊಂಡು ಹೋಗಿತ್ತು. ಹೊಸಬರು ನೋಡಿದರೆ ಅದನ್ನೂ ಯಾರೋ ಬೇಕೆಂದೇ ಬರೆದಿದ್ದಾರೆ ಅಂದುಕೊಳ್ಳುತ್ತಿದ್ದರು.

ಬೇಸಿಗೆ ಕಳೆದು ಶಾಲೆಗಳು ತೆರೆದಾಗ ಸಾದಲಿಯ ಮಿಡ್ಲ್ ಸ್ಕೂಲಿಗೆ ಅಪ್ಪ ಮಗಳ ಜೊತೆ ವೆಂಕಟರತ್ನಮ್ಮನೂ ಹೋದಳು. ಅಮ್ಮಾಜಿ ತನ್ನ ಹೆಸರನ್ನು ಅರ್ಜಿಯಲ್ಲಿ ದುಂಡಗೆ ಬರೆದಳು. ಹೆಡ್‌ಮಾಸ್ಟರು ಕಾಗದವನ್ನು ಮುನಿವೆಂಕಟಪ್ಪನ ಕಡೆ ತಿರುಗಿಸಿ ಪೆನ್ನು ಚಾಚಿದರು.

"ತಂದೆಯ ರುಜು ಇಲ್ಲಿ ಹಾಕಪ್ಪ."

ಮುನಿವೆಂಕಟಪ್ಪ ಪೆನ್ನನ್ನು ನೋಡಿದ. ಅದೇನು ಬಳಪವಲ್ಲ, ಹಾಕಬಹುದಿತ್ತು. ವೆಂಕಟರತ್ನಮ್ಮ ಹಾಗೆ ಹೇಳಲು ಬಾಯಿ ತೆರೆದಳು ಕೂಡ. ಅವನು ಮೆಲ್ಲಗೆ ತಲೆ ಅಲ್ಲಾಡಿಸಿದ. ಊರ ಮುಂದೆ ಆಡಿದ ಮಾತು.

"ನನಗೆ ಬರಲ್ಲ ಸ್ವಾಮಿ," ಎಂದು ಹೆಬ್ಬೆಟ್ಟು ಮುಂದೆ ಮಾಡಿದ.

ಅಮ್ಮಾಜಿ ಅಪ್ಪನ ಬೆರಳನ್ನು ತನ್ನ ಕೈಯಲ್ಲಿ ಹಿಡಿದು, ಮಸಿಗೆ ಅದ್ದಿ, ಕಾಗದದ ಮೇಲೆ ನಿಧಾನವಾಗಿ ಒತ್ತಿದಳು. ತನ್ನ ಹೆಸರಿನ ಪಕ್ಕದಲ್ಲೇ ಒತ್ತಿದಳು.